ಹಾಲಿಲ್ಲ ಅನ್ನುವ ಮೊದಲು

ಹೆರಿಗೆ ಕೋಣೆಯಲ್ಲಿ ಇದ್ದಷ್ಟು ವರ್ಷ ನನ್ನ ಕೆಲಸಕ್ಕೆ ಸ್ಪಷ್ಟವಾದ ಕೊನೆ ಇತ್ತು. ಮಗು ಅಳಬೇಕು, ಮಾಸು ಪೂರ್ತಿ ಬೀಳಬೇಕು, ರಕ್ತ ಹೋಗುವುದು ಹತೋಟಿಗೆ ಬರಬೇಕು. ಆಮೇಲೆ ತಾಯಿ ವಾರ್ಡಿಗೆ, ನಾನು ಮುಂದಿನ ಹೆರಿಗೆಗೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಓದುವಾಗಲೂ ಹಾಲುಣಿಸುವ ಪಾಠ ಬೇಗ ಮುಗಿದಿತ್ತು. ಅದೇನು, ಹೆಂಗಸರಿಗೆ ತಾನಾಗಿಯೇ ಬರುತ್ತೆ ಅಲ್ವಾ ಅನ್ನುವ ಧಾಟಿ.

ಬಾಣಂತಿಯರ ವಾರ್ಡಿಗೆ ರಾತ್ರಿ ಪಾಳಿ ಬಿದ್ದ ಮೇಲೆ ಬೇರೆಯೇ ಲೋಕ ಕಂಡಿತು. ಇಲ್ಲಿ ದಾವಣಗೆರೆಗೆ ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯಿಂದೆಲ್ಲ ಹೆರಿಗೆಗೆ ಬರುತ್ತಾರೆ. ಮಧ್ಯರಾತ್ರಿ ಒಂದು ಕೂಸು ಶುರು ಮಾಡಿತು ಅಂದರೆ ಸಾಕು, "ಹಾಲೇ ಬರ್ತಿಲ್ಲ ಸಿಸ್ಟರ್" ಅಂತ ತಾಯಿಯೂ ಅಳುತ್ತಾಳೆ. ಅಷ್ಟರಲ್ಲಿ ಅಜ್ಜಿ ಮಗನನ್ನು ಮೆಡಿಕಲ್ ಶಾಪಿಗೆ ಓಡಿಸಿರುತ್ತಾರೆ, ಪುಡಿ ಹಾಲಿನ ಡಬ್ಬಕ್ಕೆ.

ಹೆತ್ತ ಮೊದಲ ದಿನಗಳಲ್ಲಿ ಬರುವುದೇ ಚಮಚದ ಲೆಕ್ಕದ ಗಟ್ಟಿ ಹಳದಿ ಹಾಲು. ಆ ಪುಟ್ಟ ಹೊಟ್ಟೆಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಎದೆ ತುಂಬಿ ಬರುವುದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡ ಆಗಬಹುದು. ಈ ಸಂದಿಯಲ್ಲೇ ಡಬ್ಬ ಒಳಗೆ ಬರುವುದು. ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ವಾರ ಕಳೆಯುವಷ್ಟರಲ್ಲಿ 'ಹಾಲಿಲ್ಲ' ಅನ್ನುವ ಅಜ್ಜಿಯ ಮಾತೇ ನಿಜ ಆಗಿರುತ್ತದೆ.

ಕೇಂದ್ರ ಸರ್ಕಾರ 2016ರಲ್ಲಿ ಎದೆಹಾಲು ಉಣಿಸುವುದಕ್ಕೆ ಒತ್ತು ಕೊಡುವ 'ಮಾ' ಅನ್ನುವ ಕಾರ್ಯಕ್ರಮ ಶುರು ಮಾಡಿತು. ಅದರ ತರಬೇತಿಯಿಂದ ನನಗೆ ಹತ್ತಿದ್ದು ಒಂದು ಚಾಳಿ. ಸ್ಟೂಲ್ ಎಳೆದುಕೊಂಡು ಕೂತು, ಒಂದು ಸಲ ಹಾಲು ಕುಡಿಸುವುದನ್ನು ಶುರುವಿನಿಂದ ಕೊನೆವರೆಗೆ ನೋಡುವುದು. ಬಾಯಿ ದೊಡ್ಡದಾಗಿ ತೆರೆದಿದೆಯಾ? ಗದ್ದ ಎದೆಗೆ ತಾಗಿದೆಯಾ? ಕೆಳತುಟಿ ಹೊರಗೆ ಮಡಚಿದೆಯಾ? ಬರೀ ತೊಟ್ಟು ಬಾಯಲ್ಲಿದ್ದರೆ ತಾಯಿಗೆ ಬಿರುಕು, ಮಗುವಿಗೆ ಹಸಿವು. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಎಷ್ಟೋ ಸಲ ಮಗುವನ್ನು ತಿರುಗಿಸಿ ಅದರ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ಮಾಡಿದರೇ ಸಾಕು, ಗುಟುಕು ನುಂಗುವ ಸದ್ದು ಕೇಳುತ್ತದೆ. ತೊಟ್ಟು ಒಳಗೆ ಹೋಗಿದ್ದವರಿಗೆ ಹೊಸ ಸಿರಿಂಜಿನ ಸೂಜಿ ಕಡೆಯ ತುದಿ ಕತ್ತರಿಸಿ, ಪಿಸ್ಟನ್ ಅನ್ನು ಆ ಕಡೆಯಿಂದ ತೂರಿಸಿ ಕೊಡುತ್ತೇವೆ. ಸಿರಿಂಜಿನ ಕತ್ತರಿಸದ ಕಡೆಯ ನಯವಾದ ಬಾಯಿಯನ್ನು ಎದೆಗೆ ಇಟ್ಟು, ಕುಡಿಸುವ ಮುಂಚೆ ಪಿಸ್ಟನ್ ಅನ್ನು ನೋವಾಗದಷ್ಟು ಮೆಲ್ಲಗೆ ಎಳೆಯಬೇಕು.

ಅಜ್ಜಿಯರ ಜೊತೆ ನಾನು ಎಲ್ಲದಕ್ಕೂ ಜಗಳ ಆಡುವುದಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಕೊಡಲಿ. ಆದರೆ ನಂಜಾಗುತ್ತೆ ಅಂತ ಬಾಣಂತಿಗೆ ನೀರು ಕೊಡದಿದ್ದರೆ ಬಿಡುವುದಿಲ್ಲ. ಕೂಸಿಗೆ ಜೇನುತುಪ್ಪ ನೆಕ್ಕಿಸಿದರೂ ಬಿಡುವುದಿಲ್ಲ, ವರ್ಷ ತುಂಬುವ ತನಕ ಅದು ಅಪಾಯ. "ಈ ಬಿಸಿಲಿಗೆ ಕೂಸಿನ ಬಾಯಿ ಒಣಗಲ್ವೇನವ್ವ?" ಅಂತ ಒಬ್ಬರು ಏಪ್ರಿಲ್‌ನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಎದೆಹಾಲಿನಲ್ಲಿ ಹೆಚ್ಚುಪಾಲು ನೀರೇ ಇದೆ ಅಜ್ಜಿ, ಆರು ತಿಂಗಳು ಬೇರೆ ನೀರು ಬೇಡ ಅಂದೆ. ಅದೇ ಅಜ್ಜಿ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ, ಅಂದರೆ ಕೂಸಿಗೆ ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಒಂದು ಹನಿ ಚೆಲ್ಲದೆ ಕುಡಿಸಿದರು. ನಮ್ಮ ಹೊಸ ನರ್ಸ್‌ಗಳನ್ನು ಕರೆದು ತೋರಿಸಿದೆ.

ಗಂಡಂದಿರನ್ನು ನಾವೇ ಹೊರಗೆ ನಿಲ್ಲಿಸಿ ನಿಲ್ಲಿಸಿ ಅವರಿಗೆ ಏನೂ ಬರದ ಹಾಗೆ ಮಾಡಿದ್ದೇವೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಹುಡುಗನಿಗೆ ಮಗುವನ್ನು ಹೆಗಲಿಗೆ ಹಾಕಿ ತೇಗು ಬರಿಸುವುದು ಹೇಳಿಕೊಟ್ಟೆ. ಕೈ ನಡುಗುತ್ತಿತ್ತು. ಎರಡನೇ ರಾತ್ರಿ ಹೆಂಡತಿಯನ್ನು ಮಲಗಿಸಿ ತಾನೇ ಎತ್ತಿಕೊಂಡು ಓಡಾಡುತ್ತಿದ್ದ.

ನಿಜವಾಗಿಯೂ ಹಾಲು ಸಾಲದವರೂ ಇದ್ದಾರೆ. ಥೈರಾಯ್ಡ್ ಇರಬಹುದು, ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿರಬಹುದು. 'ಎದೆಹಾಲು ಅಮೃತ' ಅನ್ನುವ ಪೋಸ್ಟರ್ ಕೆಳಗೆ ಅಂಥವರು ತಲೆ ತಗ್ಗಿಸಿ ಕೂರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತರಷ್ಟು ಇಳಿದರೆ, ಎರಡು ವಾರಕ್ಕೂ ಹುಟ್ಟಿದ ತೂಕಕ್ಕೆ ಬರದಿದ್ದರೆ, ಐದು ದಿನ ಕಳೆದ ಮೇಲೂ ದಿನಕ್ಕೆ ಆರು ಸಲ ಉಚ್ಚೆ ಹೊಯ್ಯದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತೇನೆ. ಅವರು ಪುಡಿ ಹಾಲು ಬರೆದರೆ ಅಳತೆ ತಪ್ಪದೆ ಕಲಸುವುದು, ಬಾಟಲಿ ಬಿಟ್ಟು ಲೋಟ ಚಮಚದಲ್ಲಿ ಕೊಡುವುದು ತೋರಿಸುತ್ತೇನೆ. 1992ರ ಕಾನೂನು ಪುಡಿ ಹಾಲಿನ ಕಂಪನಿಗಳ ಜಾಹೀರಾತನ್ನು, ಪುಕ್ಕಟೆ ಡಬ್ಬಗಳನ್ನು ತಡೆಯುತ್ತದೆ. ಡಬ್ಬದ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಡಬ್ಬ ಬೇಕಾದ ತಾಯಿಯನ್ನು ಬೈಯಿರಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಈಗ ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಹೇಳಿಕೊಡುತ್ತಿದ್ದೇನೆ. ಮೂರನೇ ದಿನ, ಏಳನೇ ದಿನ ಅಂತ ಬಾಣಂತಿ ಮನೆಗೆ ಹೋಗುವವರು ಅವರೇ. ಒಂದು ಪ್ಲಾಸ್ಟಿಕ್ ಗೊಂಬೆ, ಹಳೇ ಸಾಕ್ಸಿಗೆ ಹತ್ತಿ ತುಂಬಿ ಹೊಲಿದ ಮೊಲೆ, ಇಷ್ಟೇ ನನ್ನ ಸಾಮಾನು. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ತಮ್ಮ ತಮ್ಮ ಬಾಣಂತನದ ಕಥೆ ಶುರು ಮಾಡುತ್ತಾರೆ. ಊಟದ ಹೊತ್ತು ದಾಟಿದರೂ ಯಾರೂ ಏಳುವುದಿಲ್ಲ.