ಅಘನಾಶಿನಿಯಲ್ಲಿ ಬೆಳಚು ಆಯುವವರ ಜೊತೆ

ಉತ್ತರ ಕನ್ನಡದ ಉಂಚಳ್ಳಿ ಜಲಪಾತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ದಟ್ಟ ಕಾಡಿನ ನಡುವೆ 116 ಮೀಟರ್ ಎತ್ತರದಿಂದ ಅಘನಾಶಿನಿ ನದಿ ಬೀಳುವುದನ್ನು ನೋಡುತ್ತಾ ಊಟವನ್ನೇ ಮರೆತೆವು. ಆದರೆ ನನ್ನ ಮನಸ್ಸು ಇನ್ನೂ ಇರುವುದು ಕೆಳಗೆ, ಕುಮಟಾ ಹತ್ತಿರದ ಕೆಸರಿನಲ್ಲಿ.

ಜಲಪಾತಕ್ಕೆ ಹೋಗುವವರಿಗೆ ಒಂದು ಮಾತು. ಹೆಗ್ಗರಣೆಯಲ್ಲಿ ಗಾಡಿ ಹಿಡಿದರೆ ವಾಪಸ್ ಬರುವುದನ್ನೂ ಮೊದಲೇ ಮಾತಾಡಿಕೊಳ್ಳಿ, ಪೂರ್ತಿ ದುಡ್ಡು ಕೊಡಬೇಡಿ. ‘ಸಂಜೆ ಬರ್ತೇನೆ’ ಅಂದ ಆಟೋದವನು ನಮ್ಮ ಪಾಲಿಗೆ ಬರಲೇ ಇಲ್ಲ. ಕಾಲಿಗೆ ಹತ್ತಿದ ಉಂಬಳ ಕಿತ್ತುಹಾಕುತ್ತಾ ಕತ್ತಲಲ್ಲಿ ನಡೆದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಈ ನದಿಯ ಒಂದು ಕವಲು ಶಿರಸಿ ಪೇಟೆಯ ಶಂಕರ ಹೊಂಡದ ಕಡೆಯಿಂದ, ಇನ್ನೊಂದು ಮಂಜುಗುಣಿಯಿಂದ ಬರುತ್ತದೆ. ಮುತ್ತಳ್ಳಿ ಬಳಿ ಎರಡೂ ಸೇರಿ, ಘಟ್ಟ ಇಳಿದು, ತದಡಿ ಹತ್ತಿರ ಸಮುದ್ರಕ್ಕೆ ಹೋಗುತ್ತವೆ. ಇಷ್ಟು ದಾರಿಯಲ್ಲಿ ಎಲ್ಲೂ ಅಣೆಕಟ್ಟಿಲ್ಲ. ಅದರ ಬೆಲೆ ನನಗೆ ಗೊತ್ತಾಗಿದ್ದು ನದಿ ಸಮುದ್ರ ಸೇರುವ ಅಳಿವೆಯಲ್ಲಿ.

ಇಳಿತದ ಹೊತ್ತು. ನೀರು ಸರಿದು ಬೂದು ಬಣ್ಣದ ಕೆಸರು ತೆರೆದುಕೊಂಡಿತ್ತು. ಹೆಂಗಸರು ಸೊಂಟಕ್ಕೆ ಸೀರೆ ಸಿಕ್ಕಿಸಿ, ಬಗ್ಗಿ, ಬೆರಳಿನಲ್ಲೇ ಕೆಸರು ತಡವಿ ಬೆಳಚು, ಅಂದರೆ ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಜೀವಿ, ಆಯುತ್ತಿದ್ದರು. ಚಿಪ್ಪು ಕೈಗೆ ಸಿಕ್ಕ ತಕ್ಷಣ ನೀರಲ್ಲಿ ಅಲುಬಿ ಬುಟ್ಟಿಗೆ ಹಾಕುತ್ತಿದ್ದರು. ದಡದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ ಒಬ್ಬರನ್ನು ಮಾತಾಡಿಸಿದೆ.

“ದಿನಾ ಬರ್ತೀರಾ ಅಮ್ಮಾ?”

“ನೀರು ಇಳಿದಾಗ ಬರೂದು, ಏರಿದಾಗ ಹೋಗೂದು. ಗಡಿಯಾರ ಬೇಡ ತಮ್ಮಾ.”

ಅವರ ತವರು ಶರಾವತಿ ದಡವಂತೆ. ಅಲ್ಲೂ ಹೀಗೇ ಆಯುತ್ತೀರಾ ಎಂದೆ.

“ನಾ ಸಣ್ಣವಳಿದ್ದಾಗ ರಾಶಿ ಸಿಗ್ತಿತ್ತು. ಈಗ ಎಲ್ಲಿ? ಮೇಲಿಂದ ನೀರು ಬಿಡ್ತಾರಲ್ಲ, ಹೊಳೇಲಿ ಉಪ್ಪೇ ಇಲ್ಲ.”

ನದಿಗೆ ನೀರು ಕಡಿಮೆಯಾದ ದೂರು ಎಲ್ಲ ಕಡೆ ಕೇಳಿದ್ದೇನೆ. ಸಿಹಿನೀರು ಜಾಸ್ತಿಯಾಯಿತು ಎಂಬ ದೂರು ಇದೇ ಮೊದಲು. ಯೋಚಿಸಿದರೆ ಸರಿಯೇ ಅಲ್ವಾ? 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕರೆಂಟು ತಯಾರಿಸಲು ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬರುತ್ತದೆ. ಸಮುದ್ರದ ನೀರು ಒಳಗೆ ಏರಲು ಆಗುವುದಿಲ್ಲ. ಬೆಳಚಿಗೆ ಉಪ್ಪು ಬೇಕು. ಅಘನಾಶಿನಿಯಲ್ಲಿ ಮಳೆಗಾಲ ಕಳೆದರೆ ಹೊಳೆ ಸೊರಗುತ್ತದೆ, ಉಬ್ಬರದ ನೀರು ಉಪ್ಪಿನಪಟ್ಟಣದವರೆಗೂ ಹೋಗುತ್ತದೆ. ಪಕ್ಕಪಕ್ಕದ ಎರಡು ನದಿ, ಎರಡು ಬದುಕು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ನನಗೆ ನೆನಪಾದದ್ದು ಆ ಅಮ್ಮನೇ.

ಮಾಣಿಕಟ್ಟಾ ಕಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನೂ ತಪ್ಪಿಸಬೇಡಿ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ. ಗೊಬ್ಬರ ಹಾಕುವುದಿಲ್ಲ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಊಟಕ್ಕೆ ಕಗ್ಗದ ಕುಚ್ಚಲಕ್ಕಿ ಗಂಜಿ, ಜೊತೆಗೆ ಬೆಳಚಿನ ಸುಕ್ಕ. ಅಂಗಡಿಯ ಪಾಲಿಶ್ ಅಕ್ಕಿ ಇದರ ಮುಂದೆ ಬರೀ ಸಪ್ಪೆ. ಗೋಕರ್ಣದ ಹೋಟೆಲುಗಳಲ್ಲಿ ಪಿಜ್ಜಾ ತಿಂದು ವಾಪಸಾಗುವವರು ಇಲ್ಲಿಗೊಮ್ಮೆ ಬರಬೇಕು.

ಹೋಗುವ ಮುಂಚೆ ಇಳಿತದ ಹೊತ್ತನ್ನು ಮೀನುಗಾರರ ಹತ್ತಿರ ಕೇಳಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ತುಂಬಿದಾಗ ಹೋದರೆ ಆಯುವವರು ಯಾರೂ ಸಿಗುವುದಿಲ್ಲ.