ಐದನೇ ನಂಬರಿನ ರಂದಾ: ದುರಸ್ತಿಯ ಜೊತೆಗೆ ಒಂದು ಕಾರ್ಖಾನೆಯ ಚರಿತ್ರೆ

ಜೂನ್ 7

ಬ್ರಹ್ಮಪುರದ ನಮ್ಮ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಮಾಡಿದ ಬಡಗಿ ಕಾಕಾ ಈಗ ಕೆಲಸ ಬಿಟ್ಟಿದ್ದಾರೆ. ತಮ್ಮ ಪೆಟ್ಟಿಗೆಯ ತಳದಲ್ಲಿ ಗೋಣಿತಟ್ಟಿನಲ್ಲಿ ಸುತ್ತಿಟ್ಟಿದ್ದ, ಮರವನ್ನು ಹೆರೆದು ನಯ ಮಾಡುವ ಕಬ್ಬಿಣದ ರಂದಾವೊಂದನ್ನು ಅವರು ಕಳೆದ ವಾರ ನನ್ನ ಕೈಗಿಟ್ಟರು. ಅವರ ತಂದೆ ಅದನ್ನು ಹೈದರಾಬಾದಿನಿಂದ ತಂದದ್ದಂತೆ. ಉದ್ದ ಹದಿನಾಲ್ಕು ಇಂಚು, ಬ್ಲೇಡಿನ ಅಗಲ ಎರಡು ಇಂಚು. ಮೈತುಂಬ ಜಂಗು ಹಿಡಿದಿದ್ದರೂ ಮೂತಿಯ ಮೇಲೆ ಎರಕದಲ್ಲೇ ಮೂಡಿಸಿದ 'ಬೇಲಿ' ಎಂಬ ಹೆಸರು ಮತ್ತು 'ನಂ. 5' ಸ್ಪಷ್ಟವಾಗಿವೆ. ಹಿಡಿಕೆಯ ಮುಂದೆ 'ಮೇಡ್ ಇನ್ ಇಂಗ್ಲೆಂಡ್' ಎಂದಿದೆ. ಇದನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಮತ್ತು ಇದನ್ನು ಮಾಡಿದ ಸ್ಟ್ಯಾನ್ಲಿ ಕಂಪನಿಯ ಚರಿತ್ರೆಯನ್ನು ಇದರ ಮೈಮೇಲೆಯೇ ಓದುವುದು ನನ್ನ ಉದ್ದೇಶ.

ಬೇಲಿ ಎಂಬುದು ಕಂಪನಿಯ ಹೆಸರಲ್ಲ, ಮನುಷ್ಯನ ಹೆಸರು. ಅಮೆರಿಕದ ಲಿಯೊನಾರ್ಡ್ ಬೇಲಿ ಬಾಸ್ಟನ್ನಿನಲ್ಲಿ ತಾನೇ ರಂದಾ ಮಾಡುತ್ತಿದ್ದವನು. ಮರದ ರಂದಾದಲ್ಲಿ ಬ್ಲೇಡನ್ನು ಬೆಣೆಯಿಂದ ಬಿಗಿದು, ಸುತ್ತಿಗೆಯಿಂದ ತಟ್ಟಿ ತಟ್ಟಿ ಹದಕ್ಕೆ ತರಬೇಕು. ಒಂದು ಏಟು ಹೆಚ್ಚಾದರೆ ಬ್ಲೇಡು ಮರವನ್ನು ಅಗೆಯುತ್ತದೆ. ಬೇಲಿ ಅದರ ಹಿಂದೆ ಹಿತ್ತಾಳೆಯ ಚಕ್ರವೊಂದನ್ನು ಇಟ್ಟು, ಅದನ್ನು ತಿರುಗಿಸಿದರೆ ಕೂದಲೆಳೆಯಷ್ಟು ಮಾತ್ರ ಬ್ಲೇಡು ಮುಂದೆ ಸರಿಯುವಂತೆ ಮಾಡಿದನು. ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಪಟ್ಟಣದಲ್ಲಿ 1857ರಿಂದ ಅಳತೆಪಟ್ಟಿ ಮತ್ತು ರಸಮಟ್ಟ ಮಾಡುತ್ತಿದ್ದ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿಯು 1869ರಲ್ಲಿ ಅವನ ಪೇಟೆಂಟುಗಳನ್ನು ಕೊಂಡುಕೊಂಡಿತು. ಅದೇ ಊರಿನಲ್ಲಿ 1843ರಿಂದ ಬಾಗಿಲಿನ ಚಿಲಕ, ಬಿಜಾಗರಿಗಳನ್ನು ಮಾಡುತ್ತ ಬಂದಿದ್ದ ಇನ್ನೊಂದು ಸ್ಟ್ಯಾನ್ಲಿ ಕಾರ್ಖಾನೆಯೊಂದಿಗೆ ಅದು ಒಂದಾದದ್ದು 1920ರಲ್ಲಿ. ಬೇಲಿ ಮುಂದೆ ಕಂಪನಿಯೊಂದಿಗೆ ಮನಸ್ತಾಪ ಮಾಡಿಕೊಂಡು ಹೊರಬಂದು, 'ವಿಕ್ಟರ್' ಎಂಬ ಹೆಸರಿನಲ್ಲಿ ಬೇರೆ ರಂದಾಗಳನ್ನು ಮಾಡಿದನು. ಕೊನೆಗೆ ಅದನ್ನೂ ಸ್ಟ್ಯಾನ್ಲಿಯೇ ಕೊಂಡಿತು. ಹಾಗಿದ್ದೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿ ಎರಕದಲ್ಲಿ ಅವನ ಹೆಸರನ್ನೇ ಮೂಡಿಸಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಜೂನ್ 15

ಮಿರಗದ ಮಳೆ ಬಿದ್ದು ಗಾಳಿಯಲ್ಲಿ ತೇವ ಸೇರಿದೆ. ಜಂಗು ತೆಗೆದ ಕಬ್ಬಿಣ ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಕೆಂಪಾಗುತ್ತದೆ. ಆದ್ದರಿಂದ ಬಿಡಿಭಾಗಗಳನ್ನು ಒಂದೊಂದಾಗಿ ಬಿಚ್ಚಿ, ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಕರೆಂಟು ಹಾಯಿಸಿ ಜಂಗು ಬಿಡಿಸಿ, ಒರೆಸಿದ ಕೂಡಲೇ ಎಣ್ಣೆ ಹಚ್ಚುತ್ತಿದ್ದೇನೆ. ಹಿತ್ತಾಳೆಯ ಚಕ್ರಕ್ಕೆ ಮಾತ್ರ ದೇವರ ಸಾಮಾನಿಗೆ ಹಚ್ಚುವಂತೆ ಹುಣಸೆಹಣ್ಣು ಸಾಕಾಯಿತು.

ಬಿಚ್ಚುವಾಗ ಸಿಕ್ಕ ಒಂದು ಸಂಗತಿ ಇಡೀ ದಿನ ನನ್ನನ್ನು ಹಿಡಿದು ಕೂರಿಸಿತು. ಬ್ಲೇಡನ್ನು ಒತ್ತಿ ಹಿಡಿಯುವ ಲಿವರ್ ಕ್ಯಾಪಿನ ಮೇಲೆ ಇದ್ದದ್ದು ಸ್ಟ್ಯಾನ್ಲಿಯ ಹೆಸರಲ್ಲ, 'ರೆಕಾರ್ಡ್' ಎಂಬುದು. ಸ್ಟ್ಯಾನ್ಲಿಯು 1930ರ ದಶಕದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಒಂದು ಕಾರ್ಖಾನೆಯನ್ನು ಕೊಂಡು ಅಲ್ಲಿ ರಂದಾ ಮಾಡತೊಡಗಿತು. ಅದಕ್ಕೂ ಕೆಲವು ವರ್ಷ ಮೊದಲೇ, ಅದೇ ಶೆಫೀಲ್ಡಿನ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿ 'ರೆಕಾರ್ಡ್' ಹೆಸರಿನಲ್ಲಿ ರಂದಾ ಮಾರುತ್ತಿತ್ತು. ಬೇಲಿಯ ಮೂಲ ಪೇಟೆಂಟುಗಳ ಅವಧಿ ಮುಗಿದು ಬಹುಕಾಲವಾಗಿದ್ದರಿಂದ ಅವರು ಸ್ಟ್ಯಾನ್ಲಿಯ ಮಾದರಿಯನ್ನೇ ಹಿಡಿದು, ನಂಬರಿಗೂ ಹಿಂದೆ ಒಂದು ಸೊನ್ನೆಯನ್ನಷ್ಟೇ ಸೇರಿಸಿದರು: ಸ್ಟ್ಯಾನ್ಲಿಯ 5, ರೆಕಾರ್ಡಿನ 05. ಹೀಗಾಗಿ ಎದುರಾಳಿಯ ಕ್ಯಾಪು ಇದರ ಮೇಲೆ ಅಳತೆ ಹೊಯ್ದು ಮಾಡಿಸಿದಂತೆ ಕೂತಿದೆ. ಕಾಕಾನ ತಂದೆಯೇ ಎಲ್ಲಿಂದಲೋ ತಂದು ಹಾಕಿರಬೇಕು. ಹೊಸದಾಗಿ ಸ್ಟ್ಯಾನ್ಲಿ ಕ್ಯಾಪು ಹುಡುಕುವ ವಿಚಾರವನ್ನು ಅಂದೇ ಬಿಟ್ಟೆನು. ಆ ದುರಸ್ತಿಯೂ ಈ ರಂದಾದ ಚರಿತ್ರೆಯೇ.

ಜೂನ್ 29

ತಳವನ್ನು ಸಮ ಮಾಡಲು ಮೊದಲು ಪಾಲಿಶ್ ಮಾಡಿದ ಶಹಾಬಾದ ಫರಸಿಯ ಮೇಲೆ ಎಮರಿ ಕಾಗದ ಹಾಸಿ ತಿಕ್ಕಿದೆ. ಫರಸಿಯೇ ನಡುವೆ ತುಸು ತಗ್ಗಾಗಿತ್ತು. ದಪ್ಪ ಗಾಜಿನ ತುಂಡು ತಂದು, ತಳದ ತುಂಬ ಮಾರ್ಕರಿನಿಂದ ಅಡ್ಡಗೆರೆ ಎಳೆದು ಮತ್ತೆ ತಿಕ್ಕಿದಾಗ, ತುದಿ ಮತ್ತು ಹಿಮ್ಮಡಿಯ ಗೆರೆಗಳು ಬೇಗ ಅಳಿಸಿದವು. ಬಾಯಿಯ ಮುಂದಿನ ಗೆರೆಗಳು ಹಾಗೆಯೇ ಉಳಿದವು. ಬ್ಲೇಡು ಹೊರಬರುವ ಬಾಯಿಯ ಮುಂಚೂಣಿ ಮರವನ್ನು ಒತ್ತಿ ಹಿಡಿಯದಿದ್ದರೆ ಎಳೆ ಕಿತ್ತು ಬರುತ್ತದೆ, ಆದ್ದರಿಂದ ಆ ಗೆರೆಗಳು ಅಳಿಯುವವರೆಗೂ ಬಿಡುವಂತಿರಲಿಲ್ಲ. ನಾಲ್ಕು ಸಂಜೆ ಬೇಕಾದವು.

ಚಕ್ರದ ಚಲನೆಯನ್ನು ಬ್ಲೇಡಿಗೆ ಮುಟ್ಟಿಸುವ ಕವೆಯನ್ನೂ ನೋಡಿದೆ. ಅದು ಎರಕದ ಒಂದೇ ತುಂಡು. ನಂತರದ ಇಂಗ್ಲಿಷ್ ರಂದಾಗಳಲ್ಲಿ ತಗಡು ಒತ್ತಿ ಮಾಡಿದ ಎರಡು ತುಂಡಿನ ಕವೆ ಬರುತ್ತದೆ. ಕೈ ತಿರುಗಿಸಿದಾಗ ಚಕ್ರ ಮುಕ್ಕಾಲು ಸುತ್ತು ಖಾಲಿ ಹೋಗುತ್ತದೆ. ಇದು ಬೇಲಿಯ ರಚನೆಯಲ್ಲಿ ಮೊದಲಿನಿಂದಲೂ ಇರುವ ಕೊರತೆಯೆಂದೇ ನನ್ನ ಅಭಿಪ್ರಾಯ, ಸವೆತ ಅದನ್ನು ಹೆಚ್ಚಿಸಿದೆ ಅಷ್ಟೆ.

ಜುಲೈ 12

ಹಿಂದಿನ ಹಿಡಿಕೆಯನ್ನು ಬಿಗಿಯುವ ಸಲಾಕೆ ಮುರಿದಿತ್ತು. ಅದನ್ನು ಮಾಡಿಕೊಡಿರೆಂದು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದು ನನ್ನ ಅವಸರ. ಅವರು ಆರು ಮಿಲಿಮೀಟರಿನ ಬೋಲ್ಟನ್ನು ಜೋರಿನಿಂದ ತಿರುಗಿಸಿ ಒಳಗಿನ ಮೊದಲ ಎರಡು ಸುತ್ತು ಚೂಡಿಯನ್ನು, ಅಂದರೆ ತಿರುಪಿನ ಗೆರೆಗಳನ್ನು, ಕೆಡಿಸಿದರು. ಮೂಲ ಸಲಾಕೆ ಸುಮಾರು ಐದೂವರೆ ಮಿಲಿಮೀಟರ್, ಇಂಚಿಗೆ 20 ಚೂಡಿ. ಅಂಗಡಿಯಲ್ಲಿ ಸಿಗುವ ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಅಳತೆಯ ಕಾಲಿಂಚಿನ ಬೋಲ್ಟಿಗೂ ಇಂಚಿಗೆ 20 ಚೂಡಿಯೇ ಇದ್ದರೂ ಅದರ ದಪ್ಪ ಹೆಚ್ಚು. ತನ್ನ ಬಿಡಿಭಾಗ ತನ್ನಲ್ಲೇ ಸಿಗಬೇಕೆಂಬಂತೆ ಕಂಪನಿ ಆರಿಸಿದ ಇಂಥ ಅಳತೆಯಿಂದ ಎಂಬತ್ತು ವರ್ಷಗಳ ನಂತರವೂ ನಮ್ಮಂಥವರಿಗೆ ತೊಂದರೆಯಾಗುತ್ತಿದೆ.

ಕಾಕಾ ರಂದಾವನ್ನು ಬೆಳಕಿಗೆ ಹಿಡಿದು ನೋಡಿ, "ತಮ್ಮಾ, ಚೂಡಿ ಪೂರಾ ಹೋಗಿಲ್ಲ, ಕೆಳಗಿನ ಸುತ್ತು ಚೊಲೋ ಅದಾವ. ಇಂಚಿನ ಲೇತ್ ಇದ್ದವ್ರ ಕಡಿ ಹೋಗು, ಜಬರದಸ್ತಿ ಮಾಡಬ್ಯಾಡಂತ ಮೊದಲೇ ಹೇಳು" ಎಂದರು. ಹಾಗೆಯೇ ಹಳೆಯ ಲೇತಿನಲ್ಲಿ ಉಕ್ಕಿನ ಸಲಾಕೆಗೆ ಚೂಡಿ ಹಾಕಿಸಿದೆ. ಈ ಸಲ ಅರ್ಧ ಇಂಚು ಉದ್ದ ಬಿಡಿಸಿದ್ದರಿಂದ ಕೆಳಗಿನ ಸುತ್ತುಗಳಲ್ಲಿ ಗಟ್ಟಿಯಾಗಿ ಕೂತಿತು.

ಸಂಜೆ ಬ್ಲೇಡನ್ನು ಸಾಣೆ ಹಿಡಿದು, ಅದರ ಮೇಲೆ ಕೂರುವ ಮೇಲ್ಪಟ್ಟಿಯನ್ನು ಅಂಚಿನಿಂದ ಒಂದು ಮಿಲಿಮೀಟರ್ ಹಿಂದಿಟ್ಟು ಹಳೆಯ ಸಾಗವಾನಿ ಚೌಕಟ್ಟಿನ ತುಂಡಿನ ಮೇಲೆ ಓಡಿಸಿದೆವು. ಮೊದಲು ಪುಡಿ ಬಂತು. ಕಾಕಾ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ತುಸು ಮುಂದಕ್ಕೆ ತಂದು ಒಂದೇ ಉಸಿರಿನಲ್ಲಿ ನೂಕಿದಾಗ ಬಾಯಿಯಿಂದ ಉದ್ದನೆಯ ಸುರುಳಿ ಎದ್ದು ಅವರ ಮಣಿಕಟ್ಟಿನ ಮೇಲೆ ಬಿತ್ತು. ಹಿಡಿಕೆಯ ಬೀಚ್ ಮರದಲ್ಲಿ ಒಂದು ಸೀಳು ಉಳಿದಿದೆ; ಮಳೆ ತುಸು ನಿಂತ ಮೇಲೆ ಅದಕ್ಕೆ ಅಂಟು ಹಾಕಬೇಕು.