ಮಿಂಚುಳ್ಳಿ ಗೇಮ್: ಹಕ್ಕಿ ಹಾರಿತು, ಮೀನು ಎರಡೂ ಕಡೆ ಈಜಿತು

ಮಿಂಚುಳ್ಳಿ ಗೇಮ್ ಒಂದು ಹಂತಕ್ಕೆ ಬಂತು. ಕೆರೆ ಮೇಲೆ ಹಕ್ಕಿ ಹಾರುತ್ತದೆ, ನೀರಲ್ಲಿ ಮೀನುಗಳು ಆ ಕಡೆ ಈ ಕಡೆ ಓಡಾಡುತ್ತವೆ. ಪೈಥಾನ್ ಭಾಷೆಯಲ್ಲಿ, ಪೈಗೇಮ್ ಅನ್ನುವ ಗೇಮ್ ಲೈಬ್ರರಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ವಿಂಡೋ 640 x 480 ಪಿಕ್ಸೆಲ್, ಹಕ್ಕಿ 32 x 32. ಸ್ಕೋರ್ ಗೀರ್ ಏನೂ ಇನ್ನೂ ಇಲ್ಲ. ಈ ಸಲದ ಕೆಲಸವೆಲ್ಲ ಸ್ಪ್ರೈಟ್ (ಹಕ್ಕಿ, ಮೀನಿನಂಥ ಓಡಾಡುವ ಚಿಕ್ಕ ಚಿತ್ರ) ಓಡಿಸುವುದರ ಮೇಲೆಯೇ.

ಪರದೆ ಮೇಲೆ ಯಾವುದೂ ನಿಜವಾಗಿ ಓಡುವುದಿಲ್ಲ, ಅಲ್ವಾ? ಬ್ಲಿಟ್ ಮಾಡಿದ (ಚಿತ್ರವನ್ನು ನಕಲಿಸಿ ಅಂಟಿಸಿದ) ಕೂಡಲೇ ಹಕ್ಕಿಯ ಪಿಕ್ಸೆಲ್‌ಗಳು ಕೆರೆಯ ಪಿಕ್ಸೆಲ್‌ಗಳ ಮೇಲೆ ಕೂತುಬಿಡುತ್ತವೆ. ಅಡಿಯಲ್ಲಿ ಏನಿತ್ತು ಅಂತ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಸುಮ್ನೆ ಎಕ್ಸ್ (ಎಡ ಅಂಚಿನಿಂದ ಎಷ್ಟು ದೂರ ಅನ್ನುವ ಅಂಕಿ) ಹೆಚ್ಚಿಸಿ ಮತ್ತೆ ಬಿಡಿಸಿದರೆ ಬಸವನಹುಳು ಹೋದ ದಾರಿಯ ಹಾಗೆ ಉದ್ದಕ್ಕೂ ನೀಲಿ ಪಟ್ಟಿ ಉಳಿಯುತ್ತದೆ. ಹಾಗಾಗಿ ಪ್ರತಿ ಫ್ರೇಮ್‌ನಲ್ಲೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರಕ್ಕೂ, ಮೊದಲು ಹಿನ್ನೆಲೆ, ಆಮೇಲೆ ಜಾಗದ ಲೆಕ್ಕ, ಆಮೇಲೆ ಸ್ಪ್ರೈಟ್, ಕೊನೆಗೆ ಫ್ಲಿಪ್ (ಬಿಡಿಸಿ ಮುಗಿದ ಚಿತ್ರವನ್ನು ಪರದೆಗೆ ತೋರಿಸುವುದು). ಈ ಫ್ಲಿಪ್ ಒಂದು ಫ್ರೇಮ್‌ಗೆ ಒಂದೇ ಸಲ. ಒಂದೊಂದು ಮೀನಿಗೂ ಕರೆದರೆ ಅರ್ಧಂಬರ್ಧ ಚಿತ್ರ ಕಣ್ಣಿಗೆ ಬಿದ್ದು ಮಿಣುಕಾಡುತ್ತದೆ.

ಟಿವಿಗೆ ಹಾಕಿ ಆಡುವ ಹಳೇ ಗೇಮ್ ಯಂತ್ರ ನಿಂಟೆಂಡೊ ಎನ್‌ಇಎಸ್‌ನಲ್ಲಿ ಈ ಅಳಿಸುವ ಕೆಲಸವೇ ಇರಲಿಲ್ಲ. ಅದರ ಚಿಪ್ ಹಿನ್ನೆಲೆ ಬೇರೆ, ಸ್ಪ್ರೈಟ್ ಬೇರೆ ಇಟ್ಟುಕೊಂಡು, ಟಿವಿಗೆ ಗೆರೆ ಗೆರೆಯಾಗಿ ಕಳಿಸುವಾಗಲೇ ಎರಡನ್ನೂ ಸೇರಿಸುತ್ತಿತ್ತು. ಸ್ಪ್ರೈಟ್ ಇರುವ ಜಾಗದ ಅಂಕಿ ಬದಲಿಸಿದರೆ ಮುಗೀತು. ಆದರೆ ಒಟ್ಟು 64 ಸ್ಪ್ರೈಟ್, ಒಂದು ಗೆರೆಗೆ 8 ಮಾತ್ರ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅನ್ನಿಸುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಮೀನು. ಸೆಕೆಂಡಿಗೆ 40 ಪಿಕ್ಸೆಲ್ ವೇಗ, 60 ಫ್ರೇಮ್, ಅಂದರೆ ಒಂದು ಫ್ರೇಮ್‌ಗೆ ಸುಮಾರು 0.67 ಪಿಕ್ಸೆಲ್. ಸ್ಪ್ರೈಟ್‌ನ ಜಾಗ, ಅಳತೆ ಇಟ್ಟುಕೊಳ್ಳುವ ಪೈಗೇಮ್‌ನ ರೆಕ್ಟ್ ಮಾತ್ರ ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳುತ್ತದೆ, ಚುಕ್ಕಿಯ ನಂತರದ್ದನ್ನು ಕತ್ತರಿಸಿ ಬಿಸಾಡುತ್ತದೆ. ಬಲಕ್ಕೆ ಹೋಗುವ ಮೀನು 100ರಿಂದ 100.67 ಆಗಿ ಮತ್ತೆ 100ಕ್ಕೇ ಬರುತ್ತದೆ, ನಿಂತಲ್ಲೇ ನಿಂತಿರುತ್ತದೆ. ಎಡಕ್ಕೆ ಹೋಗುವುದು 99.33 ಆಗಿ 99ಕ್ಕೆ ಇಳಿಯುತ್ತದೆ, ಪ್ರತಿ ಫ್ರೇಮ್‌ಗೂ ಪೂರ್ತಿ ಒಂದು ಪಿಕ್ಸೆಲ್, ಸೆಕೆಂಡಿಗೆ 60! ಒಂದೇ ಕೋಡ್, ಒಂದು ಮೀನು ಕಲ್ಲು, ಇನ್ನೊಂದು ಮೀನು ಬಾಣ. ಈಗ ಪ್ರತಿ ಮೀನಿಗೂ ದಶಮಾಂಶದ ಎಕ್ಸ್ ಬೇರೆಯೇ ಇದೆ. ಪೈಗೇಮ್ ಕ್ಲಾಕ್‌ನ ಟಿಕ್ ಕೊಡುವ, ಹಿಂದಿನ ಫ್ರೇಮ್‌ನಿಂದ ಕಳೆದ ಮಿಲಿಸೆಕೆಂಡನ್ನು 1000ದಿಂದ ಭಾಗಿಸಿ, ವೇಗದಿಂದ ಗುಣಿಸಿ ಅದಕ್ಕೆ ಕೂಡಿಸುತ್ತೇನೆ. ಬಿಡಿಸುವ ಮುಂಚೆ ಮಾತ್ರ ರೌಂಡ್ ಮಾಡಿ ರೆಕ್ಟ್‌ಗೆ ಹಾಕುತ್ತೇನೆ. ಹೀಗೆ ಮಾಡಿದರೆ ನಿಧಾನದ ಲ್ಯಾಪ್‌ಟಾಪ್‌ನಲ್ಲೂ ಮೀನಿನ ವೇಗ ಅದೇ ಇರುತ್ತದೆ.

ಪೂರ್ತಿ ಹಿನ್ನೆಲೆ ಬಿಡಿಸುವುದು ಅಂದರೆ ಪ್ರತಿ ಸಲ 3,07,200 ಪಿಕ್ಸೆಲ್. ಹಕ್ಕಿ 2 ಪಿಕ್ಸೆಲ್ ಪಕ್ಕಕ್ಕೆ ಸರಿದರೆ ನಿಜವಾಗಿ ಕೆಡುವುದು 34 x 32, ಅಂದರೆ 1,088 ಅಷ್ಟೇ. ಅಷ್ಟು ತುಂಡನ್ನು ಮಾತ್ರ ಒರೆಸುವ ದಾರಿಯೂ ಪೈಗೇಮ್‌ನಲ್ಲಿದೆ, ರೆಂಡರ್‌ಅಪ್‌ಡೇಟ್ಸ್ ಅಂತ. ಇಷ್ಟು ಚಿಕ್ಕ ಗೇಮ್‌ಗೆ ಅದು ಬೇಡ ಅಂತ ಬಿಟ್ಟಿದ್ದೇನೆ. ಕೆರೆಯ ಚಿತ್ರವನ್ನು ಲೋಡ್ ಮಾಡುವಾಗಲೇ ಒಮ್ಮೆ ಪರದೆಯ ಪಿಕ್ಸೆಲ್ ರೂಪಕ್ಕೆ ಕನ್ವರ್ಟ್ ಮಾಡಿಟ್ಟುಕೊಂಡಿದ್ದೇನೆ, ಸದ್ಯಕ್ಕೆ ಅಷ್ಟು ಸಾಕು.

ಮುಂದಿನದು ರೆಕ್ಕೆ ಬಡಿಯುವುದು. ನಾಲ್ಕು ಭಂಗಿಗಳನ್ನು ಒಂದೇ ಪಿಎನ್‌ಜಿ ಚಿತ್ರದಲ್ಲಿ ಸಾಲಾಗಿ ಬಿಡಿಸಿಟ್ಟಿದ್ದೇನೆ. ಎಡಕ್ಕೆ ತಿರುಗಿದ ಹಕ್ಕಿಗಾಗಿ ಚಿತ್ರವನ್ನು ಶುರುವಿನಲ್ಲೇ ಎಡಬಲ ಮಗುಚಿ ಇಟ್ಟುಕೊಳ್ಳಬೇಕು, ಪ್ರತಿ ಫ್ರೇಮ್‌ನಲ್ಲೂ ಮಗುಚುತ್ತಾ ಕೂರುವುದು ಬೇಡ.